ಮುಟ್ಟಬಾರದ ಪಾತ್ರೆ

ಹಾಸ್ಟೆಲಿನಲ್ಲಿರುವ ನಮಗೆಲ್ಲ ಒಂದು ಬಗೆಯ ಫೋನು ಬರುತ್ತದೆ. ಬೆಳಿಗ್ಗೆ ತಿಂಡಿಗೆ ಕ್ಯೂ ನಿಂತಿರುವಾಗ ಬರುತ್ತದೆ. ಆ ಕಡೆ ಅವ್ವನ ದನಿ. ಮೊದಲು "ಉಂಡ್ಯಾ ಮಗ" ಅಂತಾಳೆ. ಆಮೇಲೆ ಸುಮ್ಮನಾಗ್ತಾಳೆ. ಆಮೇಲೆ ಮೆಲ್ಲಗೆ ಹೇಳ್ತಾಳೆ: "ಅವರು ಬಂದಿದ್ರು. ಹಂಡೆ ತಗೊಂಡೋದ್ರು."

ಯಾರು ಬಂದಿದ್ದರು? ಯಾವ ಕೋರ್ಟಿನ ಕಾಗದ ತಂದಿದ್ದರು? ಅವ್ವನಿಗೆ ಗೊತ್ತಿಲ್ಲ. ಅಪ್ಪನಿಗೂ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ಬಿ.ಎ. ಓದಿದ ನಮಗೂ ಗೊತ್ತಿಲ್ಲ. "ಸಾಲ ಮಾಡಿದ್ದೀವಲ್ಲ ಮಗ, ಕೇಳಕ್ಕೆ ನಮಗ್ಯಾವ ಬಾಯಿ" ಅಂತಾಳೆ ಅವ್ವ. ನಾವೂ ಫೋನು ಇಟ್ಟು, ತಟ್ಟೆ ಹಿಡಿದು ಮತ್ತೆ ಕ್ಯೂಗೆ ಸೇರುತ್ತೇವೆ. ಅವತ್ತು ಉಪ್ಪಿಟ್ಟು ಗಂಟಲಲ್ಲಿ ಇಳಿಯುವುದಿಲ್ಲ.

ಒಂದು ಮಾತನ್ನು ಗಮನಿಸಿ. ನಮ್ಮ ಕೇರಿಯ ನೀರು ಕುಡಿಯದವರು, ನಮ್ಮ ತಣಿಗೆಯಲ್ಲಿ ಉಣ್ಣದವರು, ನಮ್ಮ ಬಿಂದಿಗೆ ತಮ್ಮ ಬಿಂದಿಗೆಗೆ ತಾಗಿದರೆ ನಲ್ಲಿಯನ್ನೇ ತೊಳೆದುಕೊಳ್ಳುವವರು, ವಸೂಲಿಗೆ ಬಂದಾಗ ಮಾತ್ರ ಅದೇ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗುತ್ತಾರೆ. ಆಗ ಮೈಲಿಗೆ ಇಲ್ಲ. ಬಡ್ಡಿಗೆ ಮೈಲಿಗೆ ಇಲ್ಲ. ಹರಾಜಿಗೆ ಮೈಲಿಗೆ ಇಲ್ಲ. ಮುಟ್ಟಬಾರದ ಪಾತ್ರೆ ಮುಟ್ಟಿದವರಿಗೆ ಆಸ್ತಿ ಆಗುತ್ತದೆ.

ಆದರೆ ಗೆಳೆಯರೇ, ಆ ಪಾತ್ರೆ ನಿಜವಾಗಿಯೂ ಮುಟ್ಟಬಾರದ್ದು. ಜಾತಿಯ ಲೆಕ್ಕದಲ್ಲಿ ಅಲ್ಲ, ಕಾನೂನಿನ ಲೆಕ್ಕದಲ್ಲಿ. ನಾವು ಈ ಸಲ ಬರೆಯಹೊರಟಿರುವುದು ಇದೇ ವಿಚಾರ. ಸಾಲ ತೀರಿಸಲಾಗದೆ ಕೈ ಚೆಲ್ಲಿದ ಮನುಷ್ಯನ ಹತ್ತಿರ ಏನು ಉಳಿಯಬೇಕು? ಅವನಿಂದ ಯಾವುದನ್ನು ಯಾರೂ ಕಿತ್ತುಕೊಳ್ಳಬಾರದು?

ಈ ಪ್ರಶ್ನೆಗೆ ಈ ದೇಶದಲ್ಲಿ ಎರಡು ಪಟ್ಟಿಗಳಿವೆ.

ಮೊದಲ ಪಟ್ಟಿ ಮನುವಿನದು. ಅವನ ಹತ್ತನೆಯ ಅಧ್ಯಾಯದಲ್ಲಿ ಚಂಡಾಲರ ಆಸ್ತಿಯ ಲೆಕ್ಕ ಇದೆ. ವಾಸ ಊರ ಹೊರಗೆ. ಸಂಪತ್ತು ನಾಯಿ ಮತ್ತು ಕತ್ತೆ. ಬಟ್ಟೆ ಹೆಣದ ಮೇಲಿನದು. ಉಣ್ಣುವುದು ಒಡೆದ ಪಾತ್ರೆಯಲ್ಲಿ. ಒಡವೆ ಕಬ್ಬಿಣದ್ದು. ಎಂಟನೆಯ ಅಧ್ಯಾಯದಲ್ಲಿ ಬಡ್ಡಿಯ ಲೆಕ್ಕವೂ ಇದೆ. ತಿಂಗಳಿಗೆ ನೂರಕ್ಕೆ ಬ್ರಾಹ್ಮಣನಿಂದ ಎರಡು, ಕ್ಷತ್ರಿಯನಿಂದ ಮೂರು, ವೈಶ್ಯನಿಂದ ನಾಲ್ಕು, ಶೂದ್ರನಿಂದ ಐದು. ಕೆಳಗೆ ಇಳಿದಷ್ಟೂ ಬಡ್ಡಿ ಮೇಲೆ ಏರುತ್ತದೆ. ಇವತ್ತು ಮೀಟರ್ ಬಡ್ಡಿ ಅಂತ ಕರೆಯುವುದರ ತಾತ ಇವನೇ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬಾಬಾಸಾಹೇಬರ ಮುಂದಾಳ್ತನದಲ್ಲಿ ಆ ಪುಸ್ತಕ ಸುಟ್ಟಾಗ ಸುಟ್ಟಿದ್ದು ಬರೀ ಶ್ಲೋಕಗಳನ್ನಲ್ಲ, ಈ ಆಸ್ತಿ ಪಟ್ಟಿಯನ್ನೂ ಸುಟ್ಟರು.

ಎರಡನೆಯ ಪಟ್ಟಿ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿದೆ. ಅದರ 60ನೆಯ ಕಲಂ. ಸಾಲಗಾರನ ಮೇಲೆ ಕೋರ್ಟು ಡಿಕ್ರಿ ಕೊಟ್ಟ ಮೇಲೂ, ಅಮೀನ ವಾರೆಂಟು ಹಿಡಿದು ಬಾಗಿಲಿಗೆ ಬಂದ ಮೇಲೂ, ಯಾವ್ಯಾವುದನ್ನು ಜಪ್ತಿ ಮಾಡುವ ಹಾಗಿಲ್ಲ ಎಂದು ಅಲ್ಲಿ ಬರೆದಿದೆ. ಬ್ರಿಟಿಷರು ಬರೆದ ಕಾನೂನು. ನಮ್ಮ ಮೇಲಿನ ಪ್ರೀತಿಯಿಂದ ಬರೆದದ್ದಲ್ಲ. ದುಡಿಯುವವನ ಕೈಯಿಂದ ಉಳಿ ಕಿತ್ತರೆ ನಾಳೆ ಕಂದಾಯ ಕೊಡುವವರು ಯಾರು, ಈ ಲೆಕ್ಕವೂ ಅದರೊಳಗೆ ಇದ್ದೀತು. ಇರಲಿ. ಯಾರು ಬರೆದರೂ ಅದು ಈಗ ನಮ್ಮದು. ಅದನ್ನು ಕೇರಿಯ ಕಣ್ಣಿನಿಂದ ಓದೋಣ.

ಒಂದು: ಸಾಲಗಾರ, ಅವನ ಹೆಂಡತಿ, ಮಕ್ಕಳಿಗೆ ಬೇಕಾದಷ್ಟು ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ ಹೊದಿಕೆ. ಮುಟ್ಟುವ ಹಾಗಿಲ್ಲ. ಅಂದರೆ ಹಿಟ್ಟು ಬೇಯುವ ಮಡಿಕೆ, ಸಾರಿನ ತಪ್ಪಲೆ, ತಣಿಗೆ, ಚಾಪೆ, ಕಂಬಳಿ, ಅವ್ವನ ಸೀರೆಯಿಂದ ಹೊಲಿದ ಕೌದಿ.

ಎರಡು: ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ. ತಾಳಿ, ಕಾಲುಂಗುರ ಈ ಮಾತಿನೊಳಗೆ ಬರುತ್ತವೆ. ತಾಳಿ ಕಟ್ಟಬೇಕೋ ಬೇಡವೋ ಅನ್ನುವ ಜಗಳ ನಮ್ಮ ನಮ್ಮಲ್ಲಿ ಇದೆ, ಅದನ್ನು ನಾವು ಸಭೆಯಲ್ಲಿ ಆಡೋಣ. ಆದರೆ ಸಾಲದವನು ಅದನ್ನು ಬಿಚ್ಚಿಸುವ ಹಾಗಿಲ್ಲ.

ಮೂರು: ಕಸುಬಿನವನ ಕಸುಬಿನ ಸಾಮಾನು. ಉಳಿ, ರಂಪಿಗೆ, ಮಗ್ಗ, ಗಾರೆ ಕೆಲಸದ ಕರಣಿ. ಬೇಸಾಯಗಾರನಾದರೆ ನೇಗಿಲು, ಗುದ್ದಲಿ, ಜೊತೆಗೆ ಬದುಕು ನಡೆಸಲು ಬೇಕೆಂದು ಕೋರ್ಟಿಗೆ ಕಂಡಷ್ಟು ದನ, ಬಿತ್ತನೆ ಬೀಜ.

ನಾಲ್ಕು: ಬೇಸಾಯಗಾರ, ಕೂಲಿಕಾರ, ಮನೆಗೆಲಸದವರು ತಾವೇ ವಾಸ ಇರುವ ಸ್ವಂತ ಮನೆ, ಮತ್ತು ಆ ಮನೆಗೆ ಹೊಂದಿದ ಜಾಗ. ಈ ಸಾಲನ್ನು ಎರಡು ಸಲ ಓದಿ ಗೆಳೆಯರೇ. ಕೂಲಿಕಾರನ ಮನೆ. ಗುಡಿಸಲಾದರೂ ಸರಿ, ಆಶ್ರಯ ಮನೆಯಾದರೂ ಸರಿ.

ಐದು: ಕೂಲಿಕಾರರ, ಮನೆಗೆಲಸದವರ ಕೂಲಿ. ದುಡ್ಡಾಗಿ ಕೊಟ್ಟರೂ ಕಾಳಾಗಿ ಕೊಟ್ಟರೂ ಮುಟ್ಟುವ ಹಾಗಿಲ್ಲ. ಸಂಬಳದವರಾದರೆ ಮೊದಲ 1,000 ರೂಪಾಯಿ ಮತ್ತು ಉಳಿದುದರಲ್ಲಿ ಮೂರರಲ್ಲಿ ಎರಡು ಪಾಲು ಅವರದೇ. 16,000 ಸಂಬಳ ಬರುವವರಿಗೆ 11,000 ಉಳಿಯಲೇಬೇಕು. ಜಪ್ತಿ ಆಗಬಹುದಾದದ್ದು 5,000 ಮಾತ್ರ. ಅದೂ ಒಂದು ಡಿಕ್ರಿಗೆ ಒಟ್ಟು 24 ತಿಂಗಳು ಮೀರುವ ಹಾಗಿಲ್ಲ. ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಗೆ ಮಾತ್ರ ಲೆಕ್ಕ ಬೇರೆ, ಅದು ಸರಿಯಾದದ್ದೇ.

ಆರು: ಪ್ರಾವಿಡೆಂಟ್ ಫಂಡು, ಸರ್ಕಾರಿ ನೌಕರನ ಪಿಂಚಣಿ, ಸಾಲಗಾರನ ಜೀವ ವಿಮೆಯ ಹಣ.

ಇನ್ನೊಂದು ಮಾತು ಇದೆ. ನಮ್ಮ ಹೆತ್ತವರು ಹೆಬ್ಬೆಟ್ಟು ಒತ್ತಿದ ಕಾಗದಗಳಿಗೆ ಲೆಕ್ಕವಿಲ್ಲ. ಅದರಲ್ಲಿ ಏನು ಬರೆದಿದೆಯೋ ಒತ್ತಿಸಿಕೊಂಡವನಿಗೇ ಗೊತ್ತು. "ನನ್ನ ಪಾತ್ರೆ ಪಗಡ, ಮನೆ ಮಠ ಎಲ್ಲ ತಗೊಳ್ಳಬಹುದು, ಕಾನೂನಿನ ರಕ್ಷಣೆ ನನಗೆ ಬೇಡ" ಎಂದು ಅದರಲ್ಲಿ ಬರೆದಿದ್ದರೆ? 1976ರ ತಿದ್ದುಪಡಿ ಇದಕ್ಕೆ ಉತ್ತರ ಕೊಟ್ಟಿದೆ. 60ನೆಯ ಕಲಮಿನ ರಕ್ಷಣೆಯನ್ನು ಬಿಟ್ಟುಕೊಡುತ್ತೇನೆ ಎಂದು ಮಾಡಿಕೊಂಡ ಯಾವ ಕರಾರೂ ಊರ್ಜಿತವಲ್ಲ. ಹೆಬ್ಬೆಟ್ಟು ಒತ್ತಿದರೂ ಆ ಹಕ್ಕು ಅಳಿಸುವುದಿಲ್ಲ.

ಅಮೀನನಿಗೂ ಹೊತ್ತು ಗೊತ್ತು ಇದೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು, ಜಪ್ತಿಗಾಗಿ ವಾಸದ ಮನೆ ಹೊಗುವ ಹಾಗಿಲ್ಲ. ಹಣದ ಡಿಕ್ರಿಗಾಗಿ ಹೆಂಗಸರನ್ನು ದಸ್ತಗಿರಿ ಮಾಡುವ ಹಾಗಿಲ್ಲ. 2,000 ರೂಪಾಯಿಯವರೆಗಿನ ಡಿಕ್ರಿಗೆ ಯಾರನ್ನೂ ಜೈಲಿಗೆ ಹಾಕುವ ಹಾಗಿಲ್ಲ. ಅದಕ್ಕಿಂತ ಹೆಚ್ಚಾದರೂ, ಕೊಡಲು ಶಕ್ತಿ ಇದ್ದೂ ಬೇಕೆಂದೇ ಕೊಡದವನಿಗೆ ಮಾತ್ರ ಜೈಲು; ಇಲ್ಲದ ಬಡವನಿಗಲ್ಲ. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಖಚಿತ ಮಾಡಿದರು. ಬಡತನ ಅಪರಾಧವಲ್ಲ ಅನ್ನುವುದು ಆ ತೀರ್ಪಿನ ತಿರುಳು.

ಹಾಗಾದರೆ ಅವ್ವನ ಹಂಡೆ ಹೋದದ್ದು ಹೇಗೆ?

ಹೋದದ್ದು ಹೀಗೆ. ಬಂದವನು ಅಮೀನನೇ ಅಲ್ಲ. ಅಮೀನ ಬರಬೇಕಾದರೆ ಸಾಲ ಕೊಟ್ಟವನು ದಾವೆ ಹೂಡಬೇಕು. ಸಮನ್ಸು ಬರಬೇಕು. ನಮ್ಮ ಮಾತನ್ನು ಕೋರ್ಟು ಕೇಳಬೇಕು. ಡಿಕ್ರಿ ಆಗಬೇಕು. ಆಮೇಲೆ ಅಮಲ್ಜಾರಿ ಅರ್ಜಿ, ಆಮೇಲೆ ವಾರೆಂಟು. ಇಷ್ಟು ಮೆಟ್ಟಿಲು ಹತ್ತಿದ ಮೇಲೆ ಅಮೀನ. ನಮ್ಮ ಕೇರಿಗೆ ಬರುವವರು ಒಂದು ಮೆಟ್ಟಿಲನ್ನೂ ಹತ್ತಿದವರಲ್ಲ. ಬೈಕಿನಲ್ಲಿ ಬರುತ್ತಾರೆ. ಬಾಗಿಲಲ್ಲಿ ಕೂರುತ್ತಾರೆ. ಕೇರಿಯೆಲ್ಲ ಕೇಳುವ ಹಾಗೆ ಕೂಗುತ್ತಾರೆ. ಗುಂಪಿನ ಸಾಲವಾದರೆ ಗುಂಪಿನ ಹೆಂಗಸರನ್ನೇ ಬಾಗಿಲಿಗೆ ತಂದು ಕೂರಿಸುತ್ತಾರೆ. ನಿನ್ನೆ ಸೊಪ್ಪು ಹಂಚಿಕೊಂಡವಳು ಇವತ್ತು ಬಡ್ಡಿಯ ಕಾವಲಿಗೆ ಕೂರಬೇಕು. ಕೊನೆಗೆ ಅವ್ವ ತಾನೇ ಹಂಡೆ ಎತ್ತಿ ಕೊಡುತ್ತಾಳೆ. ಕಾನೂನು ಅವಳ ಹಂಡೆಯನ್ನು ಕಿತ್ತುಕೊಳ್ಳಲಿಲ್ಲ. ನಾಚಿಕೆ ಕಿತ್ತುಕೊಂಡಿತು.

2025ರ ಜನವರಿಯಲ್ಲಿ ಇದೇ ಕರ್ನಾಟಕದಲ್ಲಿ ಏನಾಯಿತು, ನೆನಪು ಮಾಡಿಕೊಳ್ಳಿ. ಚಾಮರಾಜನಗರ, ಮೈಸೂರು ಕಡೆಯ ಹಳ್ಳಿಗಳಿಂದ ಮೈಕ್ರೋ ಫೈನಾನ್ಸಿನ ಕಾಟ ತಾಳಲಾರದೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ದಿನವೂ ಬಂತು. ಮಕ್ಕಳ ಓದು ನಿಂತಿತು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದೇ ಕಾಯ್ದೆಯಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದು ಬರೆದರು. ಇದಕ್ಕೂ ಮೊದಲೇ, 2022ರಲ್ಲಿ, ರಿಸರ್ವ್ ಬ್ಯಾಂಕು ತನ್ನ ನಿಯಮದಲ್ಲಿ ಮೈಕ್ರೋ ಫೈನಾನ್ಸ್ ಸಾಲವೆಂದರೆ ವರ್ಷಕ್ಕೆ 3 ಲಕ್ಷದೊಳಗಿನ ಆದಾಯದ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ ಎಂದು ಹೇಳಿತ್ತು. ಅಡಮಾನವಿಲ್ಲದೆ! ಅಂದ ಮೇಲೆ ಹಂಡೆ ಅಡ ಬಿದ್ದದ್ದು ಯಾವಾಗ? ಸಾಲದ ಕಾಗದದಲ್ಲಿ ಇಲ್ಲದ ಹಂಡೆ ವಸೂಲಿಯ ಬೈಕಿಗೆ ಹೇಗೆ ಹತ್ತಿತು?

"ಹಾಗಾದರೆ ಸಾಲ ತಗೊಂಡು ಕೊಡಬೇಡಿ ಅಂತೀರೇನ್ರಪ್ಪ?" ಎಂದು ಕೇಳುವವರು ಇದ್ದಾರೆ. ನಮ್ಮೊಳಗೇ ಇದ್ದಾರೆ. ನಾವು ಹಾಗೆ ಹೇಳುತ್ತಿಲ್ಲ. ಕೊಡುವ ಶಕ್ತಿ ಇದ್ದವರು ಕೊಡಲಿ. ನಮ್ಮ ಜನ ಮಾತಿಗೆ ತಪ್ಪುವವರಲ್ಲ. ಒಂದು ಮಾತಿಗಾಗಿ ಮೂರು ತಲೆಮಾರು ಜೀತ ಮಾಡಿದವರು. ನಾವು ಹೇಳುವುದು ಇಷ್ಟೇ: ಸಾಲ ಬೇರೆ, ತಪ್ಪಲೆ ಬೇರೆ. ಹಣ ಕೊಟ್ಟವನಿಗೆ ಹಣ ಕೇಳುವ ಹಕ್ಕಿದೆ. ನಮ್ಮ ಮಕ್ಕಳ ಹಿಟ್ಟು ಬೇಯದ ಹಾಗೆ ಮಾಡುವ ಹಕ್ಕು ಅವನಿಗಿಲ್ಲ.

ಈಗ ದಿವಾಳಿಯ ಮಾತಿಗೆ ಬರೋಣ.

'ದಿವಾಳಿ ಎದ್ದವನು', 'ಪಾಪರ್ ಆದವನು' ಅಂದರೆ ನಮ್ಮ ಕಡೆ ಬೈಗುಳ. ಆದರೆ ದಿವಾಳಿ ಅನ್ನುವುದು ಬೈಗುಳವಲ್ಲ, ಕೋರ್ಟಿನಲ್ಲಿ ಹಾಕುವ ಒಂದು ಅರ್ಜಿ. ನಮ್ಮ ನಾಡಿನಲ್ಲಿ ಸಾಮಾನ್ಯ ಸಾಲಗಾರನಿಗೆ ಈಗಲೂ ಇರುವ ದಾರಿ 1920ರ ಪ್ರಾಂತೀಯ ದಿವಾಳಿ ಕಾಯ್ದೆ. 500 ರೂಪಾಯಿ ಸಾಲವಿದ್ದು, ತೀರಿಸುವ ಶಕ್ತಿ ಇಲ್ಲದವನು ಅರ್ಜಿ ಹಾಕಬಹುದು ಎಂದು ಆ ಕಾಯ್ದೆ ಹೇಳುತ್ತದೆ. ಡಿಕ್ರಿಯಲ್ಲಿ ದಸ್ತಗಿರಿ ಆಗಿದ್ದರೂ, ಆಸ್ತಿ ಜಪ್ತಿ ಆಗಿದ್ದರೂ ಹಾಕಬಹುದು. ಕೋರ್ಟು ದಿವಾಳಿ ಎಂದು ಸಾರಿದರೆ ಅವನ ಆಸ್ತಿ ಕೋರ್ಟಿನ ಅಥವಾ ರಿಸೀವರನ ವಶಕ್ಕೆ ಹೋಗಿ ಸಾಲಗಾರರಿಗೆಲ್ಲ ಪಾಲಾಗುತ್ತದೆ. ಆಮೇಲೆ ಒಬ್ಬೊಬ್ಬರೇ ಬಂದು ಬಾಗಿಲಲ್ಲಿ ಕೂರುವ ಹಾಗಿಲ್ಲ, ಕೋರ್ಟಿನ ಅಪ್ಪಣೆ ಬೇಕು. ಮುಂದೆ ಕೋರ್ಟು ಬಿಡುಗಡೆಯ ಆದೇಶ ಕೊಟ್ಟರೆ ಹಳೆಯ ಸಾಲಗಳು ತೀರಿದಂತೆ. ಸರ್ಕಾರದ ಬಾಕಿ, ಮೋಸ ಮಾಡಿ ತಂದ ಸಾಲ, ಹೆಂಡತಿ ಮಕ್ಕಳ ಜೀವನಾಂಶ, ಇಂಥವು ಮಾತ್ರ ಬಿಡುವುದಿಲ್ಲ.

ಎಲ್ಲ ಆಸ್ತಿಯೂ ಹೋಗುತ್ತದೆಯೇ? ಇಲ್ಲ. ಅದೇ ಕಾಯ್ದೆಯ 28ನೆಯ ಕಲಂ ಹೇಳುತ್ತದೆ: ಸಿವಿಲ್ ಸಂಹಿತೆಯಲ್ಲಿ ಯಾವುದು ಜಪ್ತಿಗೆ ಸಿಗುವುದಿಲ್ಲವೋ ಅದು ದಿವಾಳಿಯಲ್ಲೂ ಸಿಗುವುದಿಲ್ಲ. ಅಂದರೆ ಮೇಲೆ ಓದಿದ ಪಟ್ಟಿಯೇ ಇಲ್ಲೂ ಕಾಯುತ್ತದೆ. ದಿವಾಳಿ ಆದವನೂ ತನ್ನ ತಪ್ಪಲೆಯಲ್ಲಿ ಬೇಯಿಸಿ, ತನ್ನ ಕಂಬಳಿ ಹೊದ್ದು, ತನ್ನ ಗುಡಿಸಲಲ್ಲಿ ಮಲಗಿ, ಬೆಳಿಗ್ಗೆ ತನ್ನ ಉಳಿ ಹಿಡಿದು ಕೆಲಸಕ್ಕೆ ಹೋಗಬಹುದು. ಅವನು ಎಂ.ಎಲ್.ಎ. ಆಗುವ ಹಾಗಿಲ್ಲ, ಅಷ್ಟೇ. ಬಿಡುಗಡೆ ಸಿಗುವ ತನಕ ಸಂವಿಧಾನದ 191ನೆಯ ವಿಧಿ ಅದಕ್ಕೆ ಅಡ್ಡ ಬರುತ್ತದೆ. ನಮ್ಮಪ್ಪ ಆ ನಷ್ಟವನ್ನು ಹೇಗೋ ತಡೆದುಕೊಂಡಾನು.

ಆದರೆ ಕೆಲವು ಮಾತುಗಳಲ್ಲಿ ಎಚ್ಚರ ಬೇಕು. ಗಿರವಿ ಇಟ್ಟ ಒಡವೆ, ಅಡ ಬರೆದ ಮನೆ, ಸಾಲದ ಮೇಲೆ ತಂದ ಬೈಕು, ಇವುಗಳನ್ನು ಈ ಪಟ್ಟಿ ಉಳಿಸುತ್ತದೆಂದು ನಂಬಬೇಡಿ. ಟಿ.ವಿ., ಫ್ರಿಜ್ಜು, ಉಳಿದ ಚಿನ್ನ, ಕುರ್ಚಿ ಮೇಜು ಪಟ್ಟಿಯಲ್ಲಿ ಇಲ್ಲ. ಇನ್ನು ಕೆಲವು ಜಾಣರು ಉಪದೇಶ ಕೊಡುತ್ತಾರೆ, "ಹೊಲವನ್ನು ಭಾಮೈದನ ಹೆಸರಿಗೆ ಬರೆದುಬಿಡು, ಚಿನ್ನ ಅತ್ತೆ ಮನೇಲಿ ಇಡು, ಆಮೇಲೆ ಅರ್ಜಿ ಹಾಕು" ಎಂದು. ಹಾಗೆ ಮಾಡಬೇಡಿ. ಅರ್ಜಿಗೆ ಹಿಂದಿನ ಎರಡು ವರ್ಷದೊಳಗೆ ಬೆಲೆ ಪಡೆಯದೆ ಬರೆದುಕೊಟ್ಟದ್ದನ್ನು ಕೋರ್ಟು ರದ್ದು ಮಾಡಬಹುದು. ಮುಚ್ಚಿಟ್ಟದ್ದು ಸಾಬೀತಾದರೆ ಒಂದು ವರ್ಷದವರೆಗೆ ಜೈಲು. ನಮ್ಮದನ್ನು ಉಳಿಸಿಕೊಳ್ಳುವುದು ಬಚ್ಚಿಟ್ಟು ಅಲ್ಲ, ಬಿಚ್ಚಿ ಹೇಳಿ. ಪಟ್ಟಿ ತೋರಿಸಿ, ಇದು ನನ್ನದು, ಇದನ್ನು ಮುಟ್ಟುವ ಹಾಗಿಲ್ಲ ಎಂದು ಎದುರಿಗೇ ಹೇಳಬೇಕು. ಕಳ್ಳನ ಹಾಗೆ ನಿಲ್ಲಬೇಕಾದ್ದಿಲ್ಲ.

ಉಳ್ಳವರನ್ನು ನೋಡಿ. ಕಂಪನಿ ಮುಳುಗಿದರೆ ಷೇರುದಾರನು ಹಾಕಿದ ಷೇರಿನ ಹಣ ಹೋದೀತು, ಅವನ ಮನೆಯ ಹಂಡೆಗೆ ಯಾರೂ ಕೈ ಹಾಕುವುದಿಲ್ಲ. ಕಾನೂನೇ ಗೋಡೆ ಕಟ್ಟಿಕೊಟ್ಟಿದೆ. ಅದಕ್ಕೆ ಅವರಲ್ಲಿ ಯಾರೂ ನಾಚಿಕೆ ಪಡುವುದಿಲ್ಲ. ಅವರು ಕಾನೂನಿನ ಗೋಡೆಯ ಹಿಂದೆ ನಿಂತರೆ ಅದು ವ್ಯವಹಾರ ಜ್ಞಾನ. ನಮ್ಮಪ್ಪ ಕಾನೂನಿನ ಒಂದು ಸಾಲಿನ ಹಿಂದೆ ನಿಂತರೆ ಸಾಲ ಮುಳುಗಿಸಿದವನು. ಇದು ಯಾವ ನ್ಯಾಯ?

2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತು. ಅದರಲ್ಲಿ ಬಡವರಿಗೆಂದೇ ಒಂದು ಭಾಗ ಬರೆದರು, ಹೊಸ ಬದುಕಿನ ಆರಂಭ ಎಂದು. ವರ್ಷದ ಆದಾಯ 60,000 ಮೀರಬಾರದು, ಆಸ್ತಿ 20,000 ಮೀರಬಾರದು, ಸಾಲ 35,000 ಮೀರಬಾರದು. ಅಂಥವರ ಸಾಲ ಮನ್ನಾ ಆಗಿ ಹೊಸದಾಗಿ ಬದುಕಬಹುದು. ಅದೇ ಸಂಹಿತೆಯಲ್ಲಿ ಕೈಬಿಡಬೇಕಾದ ಆಸ್ತಿಯ ಪಟ್ಟಿಯೂ ಇದೆ. ಅದು ಹಳೆಯ ಪಟ್ಟಿಗಿಂತ ಒಂದು ಹೆಜ್ಜೆ ಮುಂದೆ. ಸಾಲಕ್ಕೆ ಅಡವಾಗಿರದ ಕೆಲಸದ ಸಾಮಾನು, ವಾಹನದ ಜೊತೆಗೆ ಪುಸ್ತಕ ಎಂಬ ಮಾತೂ ಅಲ್ಲಿದೆ. 1908ರ ಪಟ್ಟಿಯಲ್ಲಿ ವ್ಯಾಪಾರದ ಲೆಕ್ಕದ ಪುಸ್ತಕಕ್ಕೆ ಜಾಗವಿತ್ತು, ಓದುವ ಪುಸ್ತಕಕ್ಕೆ ಇರಲಿಲ್ಲ. ಪುಸ್ತಕಗಳಿಗಾಗಿಯೇ ದಾದರಿನಲ್ಲಿ ರಾಜಗೃಹ ಕಟ್ಟಿಸಿದವರ ಮಕ್ಕಳು ನಾವು. ಓದುವ ಪುಸ್ತಕವೂ ಉಳಿಯಬೇಕಾದ ವಸ್ತು ಎಂದು ದಿವಾಳಿಯ ಕಾನೂನು ಒಪ್ಪಲು ಇಷ್ಟು ವರ್ಷ ಹಿಡಿಯಿತು.

ಆದರೆ ಒಪ್ಪಿದ್ದು ಹಾಳೆಯ ಮೇಲೆ. 2019ರ ಡಿಸೆಂಬರ್ 1ರಿಂದ ಆ ಸಂಹಿತೆಯ ವೈಯಕ್ತಿಕ ದಿವಾಳಿಯ ಕೆಲವು ಕಲಮುಗಳನ್ನು ಜಾರಿಗೆ ತಂದದ್ದು ಯಾರಿಗೆ ಗೊತ್ತೇ? ಸಾಲ ಮಾಡಿದ ಕಂಪನಿಗಳಿಗೆ ಜಾಮೀನು ನಿಂತವರ ವಿಚಾರಕ್ಕೆ ಮಾತ್ರ. ಕೂಲಿಕಾರನಿಗೆ, ಚಪ್ಪಲಿ ಹೊಲಿಯುವವನಿಗೆ, ಗುಂಪಿನ ಸಾಲ ಮಾಡಿದ ತಾಯಿಗೆ ಆ ಬಾಗಿಲು ಇನ್ನೂ ತೆರೆದಿಲ್ಲ. ಕಂಪನಿಯ ಸಾಲದ ಪ್ರಶ್ನೆಗೆ ಮೊದಲ ಪಂಕ್ತಿ. ನಾವು ಯಥಾಪ್ರಕಾರ ಊರ ಹೊರಗೆ.

ತೆರೆದರೂ ಆ ಬಾಗಿಲ ಅಳತೆ ನೋಡಿ. ದಿನಕ್ಕೆ 300 ರೂಪಾಯಿಯಂತೆ 200 ದಿನ ಕೂಲಿ ಸಿಕ್ಕರೆ 60,000 ಆಯಿತು. 201ನೆಯ ದಿನ ಕೂಲಿಗೆ ಹೋದವನು ಬಾಗಿಲಿಂದ ಹೊರಕ್ಕೆ. ಇನ್ನೊಂದು ಷರತ್ತು ಇದಕ್ಕಿಂತ ಕ್ರೂರ: ಅರ್ಜಿದಾರನಿಗೆ ಸ್ವಂತ ವಾಸದ ಮನೆ ಇರಬಾರದು. ಆಶ್ರಯ ಯೋಜನೆಯ ಒಂದು ಕೋಣೆಯ ಮನೆ ಇದ್ದರೂ ಇರಬಾರದು. 1908ರ ಕಾನೂನು ಕೂಲಿಕಾರನ ಮನೆಯನ್ನು ಕಾಯಬೇಕು ಅಂದಿತು. 2016ರ ಕಾನೂನು ಕೂಲಿಕಾರನಿಗೆ ಮನೆ ಇದ್ದರೆ ಹೊಸ ಬದುಕು ಇಲ್ಲ ಅಂದಿತು. ಸೂರು ಕೊಟ್ಟು, ಆ ಸೂರನ್ನೇ ತೋರಿಸಿ ಹೊರಗೆ ನಿಲ್ಲಿಸುವುದು!

ಆದ್ದರಿಂದ ನಮ್ಮ ಒತ್ತಾಯ ಸ್ಪಷ್ಟ. ಆ ಭಾಗವನ್ನು ಸಾಮಾನ್ಯ ಸಾಲಗಾರರಿಗೂ ಜಾರಿಗೆ ತನ್ನಿ. ಮನೆ ಇರಬಾರದೆಂಬ ಷರತ್ತು ತೆಗೆಯಿರಿ. ಆದಾಯದ ಮಿತಿಯನ್ನು ಇವತ್ತಿನ ಕೂಲಿಗೆ ತಕ್ಕಂತೆ ಏರಿಸಿ. ಹಳೆಯ 60ನೆಯ ಕಲಮಿನಲ್ಲಿ ಓದುವ ಪುಸ್ತಕವನ್ನೂ, ದುಡಿಮೆಗೆ ಬೇಕಾದ ಫೋನು, ಸೈಕಲ್ಲು, ಬೈಕುಗಳನ್ನೂ ಸೇರಿಸಿ. ಇವತ್ತು ಮನೆ ಮನೆಗೆ ಊಟ ಹೊತ್ತು ಮುಟ್ಟಿಸುವ ನಮ್ಮ ಹುಡುಗನಿಗೆ ಅವನ ಫೋನೇ ರಂಪಿಗೆ, ಅವನ ಬೈಕೇ ಉಳಿ.

ಇನ್ನು ಋಣದ ಮಾತು. ಈ ದೇಶದಲ್ಲಿ ಸಾಲಕ್ಕೆ ಬರೀ ಬಡ್ಡಿ ಇಲ್ಲ, ಪುರಾಣವೂ ಇದೆ. ಋಣ ತೀರಿಸದೆ ಸತ್ತರೆ ಮುಂದಿನ ಜನ್ಮದಲ್ಲಿ ಎತ್ತಾಗಿ ಹುಟ್ಟಿ ಸಾಹುಕಾರನ ಗಾಡಿ ಎಳೀಬೇಕು ಎಂದು ಹೆದರಿಸಿದರು. ಅಪ್ಪನ ಋಣ ಮಗ ತೀರಿಸುವುದು ಧರ್ಮ ಎಂದರು. ಹಾಗೆಂದೇ ಎಂಟು ವರ್ಷದ ಹುಡುಗರು ಗೌಡರ ಕೊಟ್ಟಿಗೆಗೆ ಹೋದರು. ಅವರು ಪುಸ್ತಕ ಹಿಡಿಯಬೇಕಾದ ಕೈಯಲ್ಲಿ ಸಗಣಿ ಬಾಚಿದರು.

ಈ ಪುರಾಣವನ್ನೂ ಕಾನೂನು ಎರಡು ಕಡೆ ಕತ್ತರಿಸಿದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಜೀತದ ಸಾಲವನ್ನೇ ಇಲ್ಲವೆಂದಿತು. ಆ ಸಾಲಕ್ಕೆಂದು ಕಿತ್ತುಕೊಂಡ ಸಾಮಾನನ್ನು ಹಿಂದಕ್ಕೆ ಕೊಡಬೇಕೆಂದಿತು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ, ಆಮೇಲೆ ಮಾಡಿದ ಸಾಲಗಳಿಗೆ, ಧರ್ಮದ ಹೆಸರಿನಲ್ಲಿ ಅಪ್ಪನ ಸಾಲ ಮಗನ ಮೇಲೆ ಹೊರಿಸುವುದನ್ನು ನಿಲ್ಲಿಸಿತು. ಅಪ್ಪ ತೀರಿಕೊಂಡರೆ, ಅಪ್ಪನಿಂದ ನಮಗೆ ಬಂದ ಆಸ್ತಿ ಎಷ್ಟೋ ಅಷ್ಟರ ಮಟ್ಟಿಗೆ ಮಾತ್ರ ಅವನ ಸಾಲಕ್ಕೆ ನಾವು ಬಾಧ್ಯರು. ಏನೂ ಬರದಿದ್ದರೆ ಏನೂ ಇಲ್ಲ. ಸಾವಿನ ಮನೆಗೆ ಬಂದು "ಮಗ ಓದ್ತಾವ್ನಲ್ಲ, ಅವನು ಒಪ್ಪಿಕೊಳ್ಳಲಿ" ಎಂದು ಕಾಗದ ಮುಂದೆ ಹಿಡಿಯುತ್ತಾರೆ. ಅಲ್ಲಿ ರುಜು ಹಾಕಬೇಡಿ ಗೆಳೆಯರೇ. ರುಜು ಹಾಕಿದರೆ, ಜಾಮೀನು ನಿಂತರೆ, ಅಪ್ಪನ ಸಾಲ ಅವತ್ತಿನಿಂದ ನಿಮ್ಮ ಸಾಲ. ಕಣ್ಣೀರಿನಲ್ಲಿ ಹಾಕಿದ ರುಜುವೂ ರುಜುವೇ.

ದರಖಾಸ್ತು ಜಮೀನು ಇರುವವರು ಇನ್ನೊಂದನ್ನು ತಿಳಿದಿರಬೇಕು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಪರಭಾರೆ ಮಾಡದಂತೆ ತಡೆಯುವ 1978ರ ಕರ್ನಾಟಕ ಕಾಯ್ದೆ, ಕೋರ್ಟಿನ ಡಿಕ್ರಿಯಲ್ಲಿ ನಡೆಯುವ ಹರಾಜಿಗೂ ಅನ್ವಯಿಸುತ್ತದೆ. ನಮ್ಮೂರುಗಳಲ್ಲಿ ನಾಲ್ಕು ಚೀಲ ರಾಗಿಯ ಸಾಲಕ್ಕೆ ಎರಡೆಕರೆ ಬರೆಸಿಕೊಂಡವರು ಎಷ್ಟು ಜನ ಇಲ್ಲ? ಆ ಕಾಗದಗಳನ್ನು ಹುಡುಕಿ ತೆಗೆಯುವ ಕೆಲಸ ಇನ್ನೂ ಬಾಕಿ ಇದೆ.

ಈಗ ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಹಸಿವಿನ ಮೇಲೆ ಪದ್ಯ ಬರೆದಿದ್ದೇವೆ. ಸಭೆಯಲ್ಲಿ ಓದಿ ಚಪ್ಪಾಳೆ ತೆಗೆದುಕೊಂಡಿದ್ದೇವೆ. ಆದರೆ ಅವ್ವನ ಟ್ರಂಕಿನಲ್ಲಿ ಮಡಚಿಟ್ಟ ಸಾಲದ ಕಾಗದವನ್ನು ಒಂದು ದಿನ ಬಿಚ್ಚಿ ಓದಿದ್ದೇವೆಯೇ? ಕೋರ್ಟಿನ ಸಮನ್ಸು ಬಂದರೆ ಹೆದರಿ ಬಾಗಿಲು ಹಾಕಿಕೊಳ್ಳುವ ಅಪ್ಪನಿಗೆ, "ಹೆದರಬೇಡ, ಹೋಗದಿದ್ದರೆ ಅವನು ಹೇಳಿದ್ದೇ ಡಿಕ್ರಿ ಆಗುತ್ತೆ, ಹೋಗೋಣ ಬಾ" ಎಂದು ಕೈ ಹಿಡಿದು ಕರೆದೊಯ್ದಿದ್ದೇವೆಯೇ? ನಮ್ಮ ಓದು ನಮ್ಮ ಕೇರಿಯ ಒಂದು ತಪ್ಪಲೆಯನ್ನೂ ಉಳಿಸದಿದ್ದರೆ ಆ ಓದಿಗೆ ಕೇರಿ ಯಾಕೆ ಉಪವಾಸ ಇರಬೇಕು?

ಅದಕ್ಕೇ ಈ ರಜೆಗೆ ಊರಿಗೆ ಹೋಗುವಾಗ ಕೆಲವು ಕೆಲಸ ಹೊತ್ತು ಹೋಗೋಣ.

ಮನೆಯ ಸಾಲದ ಕಾಗದಗಳನ್ನೆಲ್ಲ ಓದಿ ಪಟ್ಟಿ ಮಾಡೋಣ: ಯಾರಿಗೆ ಎಷ್ಟು, ಅಡ ಇದೆಯೋ ಇಲ್ಲವೋ, ಜಾಮೀನು ಯಾರು. ಮೇಲಿನ ಆರು ಮಾತುಗಳನ್ನು ಕೇರಿಯ ಪಡಸಾಲೆಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಅಂಟಿಸೋಣ. ಯಾರಾದರೂ ಸಾಮಾನು ಎತ್ತಲು ಬಂದರೆ ಅವ್ವಂದಿರು ಒಂದೇ ಮಾತು ಕೇಳಲಿ: "ಕೋರ್ಟಿನ ವಾರೆಂಟು ಎಲ್ಲಿ ಸ್ವಾಮಿ?" ಬಯ್ಯುವುದು ಬೇಡ, ಹೊಡೆಯುವುದು ಬೇಡ. ಕಾಗದ ಕೇಳಿದರೆ ಸಾಕು. ಒಬ್ಬಳು ಕೇಳಿದರೆ ಗದರಿಸುತ್ತಾರೆ, ಇಪ್ಪತ್ತು ಜನ ಕೇಳಿದರೆ ಬೈಕು ಹತ್ತುತ್ತಾರೆ. ಎತ್ತಿಕೊಂಡು ಹೋದರೆ ಪೊಲೀಸ್ ಠಾಣೆಗೆ ದೂರು ಬರೆದುಕೊಡೋಣ, ಹಿಂಬರಹ ಕೇಳಿ ಪಡೆಯೋಣ.

ನಿಜವಾದ ಅಮೀನ ನಿಜವಾದ ವಾರೆಂಟು ತಂದರೆ ಆಗಲೂ ಪಟ್ಟಿ ತೋರಿಸೋಣ. ಅಪ್ಪನ ಡಿಕ್ರಿಗೆ ಮಗಳ ಪುಸ್ತಕ, ಅವಳ ಲ್ಯಾಪ್‌ಟಾಪು, ಅವಳ ಖಾತೆಯ ಸ್ಕಾಲರ್‌ಶಿಪ್ಪು ಹೊಣೆಯಲ್ಲ. ಅದು ಅಪ್ಪನ ಆಸ್ತಿಯೇ ಅಲ್ಲ. ಮುಟ್ಟಿದರೆ ಕೋರ್ಟಿಗೆ ತಕರಾರು ಅರ್ಜಿ ಕೊಡಬಹುದು. ವಕೀಲರಿಗೆ ದುಡ್ಡೆಲ್ಲಿ ಎನ್ನಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ, ಹಾಗೇ ಎಲ್ಲ ಹೆಂಗಸರಿಗೆ, ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಅದರ ಸಮಿತಿ ಇರುತ್ತದೆ. 15100ಕ್ಕೆ ಫೋನು ಮಾಡಿದರೂ ದಾರಿ ತೋರಿಸುತ್ತಾರೆ. ಅದು ದಾನವಲ್ಲ, ಹಕ್ಕು.

ಮನು ಬರೆದ ಪಟ್ಟಿಯಲ್ಲಿ ನಮಗೆ ಒಡೆದ ಪಾತ್ರೆ ಇತ್ತು. ಅವನ ಪಟ್ಟಿ ನಮ್ಮ ಜನಕ್ಕೆ ಬಾಯಿಪಾಠ ಆಗಿದೆ. ಯಾರೂ ಓದಿಸಲಿಲ್ಲ, ಬೆನ್ನ ಮೇಲೆ ಬರೆದು ಕಲಿಸಿದರು. ಒಡೆಯದ ಪಾತ್ರೆ ನಮ್ಮದು ಎನ್ನುವ ಪಟ್ಟಿ ನೂರು ವರ್ಷ ದಾಟಿದರೂ ನಮ್ಮ ಕೇರಿಗೆ ಬಂದು ಮುಟ್ಟಿಲ್ಲ. ಅದನ್ನು ಮುಟ್ಟಿಸುವವರು ನಾವೇ ಆಗಬೇಕು.

ಇನ್ನೊಂದು ಬೆಳಿಗ್ಗೆ ಫೋನು ಬರುತ್ತದೆ. ಅವ್ವ "ಉಂಡ್ಯಾ ಮಗ" ಅಂತಾಳೆ. ಆಮೇಲೆ ಸುಮ್ಮನಾಗದೆ ಹೇಳಬೇಕು: "ಅವರು ಬಂದಿದ್ರು. ಕಾಗದ ಕೇಳ್ದೆ. ಹೊಂಟೋದ್ರು. ಹಂಡೆ ಒಲೆ ಮೇಲೆ ಅದೆ."

ಆ ಫೋನಿಗಾಗಿ ದುಡಿಯೋಣ.

ಜೈ ಭೀಮ್.